ಒಂಟಿ ಸೀನಿನ ನಿಶ್ಚಿತಾರ್ಥ

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಸೀದುಹೋಗಿ, ಕೆಂಗೇರಿಯ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಘಾಟು ಎದ್ದಿತು. ನನಗೆ ಮೊದಲು ಬಂದದ್ದು ಸೀನಲ್ಲ, ನಗು. ಸೌಟು ಹಿಡಿದು ಒಬ್ಬಳೇ ನಗುತ್ತ ನಿಂತವಳನ್ನು ನೋಡಿದ್ದರೆ ನೀವೂ ಹೆದರುತ್ತಿದ್ದಿರಿ. ಕಾರಣ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಹುಟ್ಟಿನಿಂದಲೇ ಸೀನುವವಳು. ಹೊಂಗೆ ಹೂ ಬಿಟ್ಟರೆ ಸೀನು, ಮೆಟ್ರೊ ಕಾಮಗಾರಿಯ ಧೂಳಿಗೆ ಸೀನು, ದಸರೆಗೆ ಅಮ್ಮ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದರೆ ಹಬ್ಬವಿಡೀ ಸೀನು. ಅದು ಒಂಟಿಯಾಗಿ ಎಂದೂ ಬಂದದ್ದಲ್ಲ, ಸರಪಟಾಕಿಯ ಹಾಗೆ ಸಾಲಾಗಿಯೇ ಬರುತ್ತಿತ್ತು. ವಿಜಯನಗರದ ನಮ್ಮ ಬೀದಿಯಲ್ಲಿ ಸೊಪ್ಪಿನವಳು ಬಾರದ ದಿನ ಇರಬಹುದು, ನನ್ನ ಸೀನು ಕೇಳದ ದಿನ ಇರಲಿಲ್ಲ.

ರಾಜಾಜಿನಗರದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ನಿವೃತ್ತಿ ಕಾಲೇಜಿಗೆ ಮಾತ್ರ, ಪಾಠಕ್ಕಲ್ಲ. ಕಾಫಿ ಆರಿ ಕೆನೆ ಕಟ್ಟಿದರೂ ಅವರ ಮಾತು ನಿಲ್ಲುತ್ತಿರಲಿಲ್ಲ.

"ಪಾಪ, ಮೂಗಿನ ತಪ್ಪೇನಿಲ್ಲ ಕಣೇ. ತಪ್ಪು ರಕ್ತದಲ್ಲಿ ಕಾವಲಿರೋ ನಿನ್ನ ಟಿ ಹೆಲ್ಪರ್ ಸೆಲ್‌ದು. ಅದು ನಮ್ಮ ಬಡಾವಣೆ ಸಂಘದ ಸೆಕ್ರೆಟರಿ ಇದ್ದ ಹಾಗೆ. ತಾನು ಒಂದು ಕಡ್ಡೀನೂ ಎತ್ತಿಡಲ್ಲ, ಬರೀ ಗ್ರೂಪಿಗೆ ಮೆಸೇಜ್ ಹಾಕುತ್ತೆ. ಆ ಮೆಸೇಜಿಗೆ ಸೈಟೊಕೈನ್ ಅಂತಾರೆ. ಒಂದು ಥರದ್ದು ಹೋದ್ರೆ ರೋಗಾಣು ನುಂಗೋ ಸೆಲ್‌ಗಳು ಎದ್ದು ಬರ್ತವೆ. ಇನ್ನೊಂದು ಥರದ್ದು ಹೋದ್ರೆ, ಜಂತುಹುಳ ನುಗ್ಗಿದೆ, ನೀರು ಸುರಿಸಿ, ಆಚೆ ತಳ್ಳಿ ಅಂತ. ನಿನ್ನ ಸೆಕ್ರೆಟರಿ ಹೂವಿನ ಪುಡಿ ನೋಡಿ ಹುಳ ಅಂದ್ಕೊಂಡಿದಾನೆ."

"ಸುಮ್ನಿರಿ ಅಂತ ಹೇಳೋರು ಯಾರೂ ಇಲ್ವಾ ದೊಡ್ಡಮ್ಮ?"

"ಇದಾರಲ್ಲ! ಅವೂ ಟಿ ಸೆಲ್‌ಗಳೇ. ಸಾಕು, ಮನೆಗೆ ಹೋಗಿ ಅಂತ ಅವು ಬೇರೆ ಮೆಸೇಜ್ ಹಾಕ್ತವೆ. ನಿನ್ನೊಳಗೆ ಅವರ ಮಾತು ನಡೀತಿಲ್ಲ. ಸಹಾಯಕ್ಕೆ ಬಂದೋರು ಜಾಸ್ತಿ ಆದ್ರೂ ಉರಿಯೂತಾನೇ ಕಣೇ!"

ಆಗ ನಾನು ಆಕಳಿಸಿದ್ದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಸುರೇಶ ಒಬ್ಬನೇ.

ಸುರೇಶನದು ಸುಂಕದಕಟ್ಟೆಯ ಹಳೇ ಒಕ್ಕಲು ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ನಾವಿಬ್ಬರೂ ಮೆಚ್ಚಿಕೊಂಡು ವರ್ಷಗಳೇ ಆಗಿದ್ದರೂ ಎರಡು ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಆ ಮನೆಯಲ್ಲಿ ಕೊನೆಯ ಮಾತು ಅವನ ಅಜ್ಜಿ ಲಕ್ಕಮ್ಮನವರದು. ಅಜ್ಜಿಗೆ ಒಂಟಿ ಸೀನು ಆಗದಂತೆ. ಯಾರೋ ಒಂದೇ ಸಲ ಸೀನಿದರೆಂದು ಮಗನ ಸೈಟಿನ ರಿಜಿಸ್ಟ್ರೇಶನ್ನನ್ನೇ ನಿಲ್ಲಿಸಿದ್ದರಂತೆ. ಜೋಡಿ ಸೀನಾದರೆ ಶುಭ. ಈ ಸುದ್ದಿ ಕೇಳಿ ನಾನು ನಕ್ಕಿದ್ದೆ. ಒಂಟಿ ಸೀನು ನನಗೆಲ್ಲಿಂದ ಬರಬೇಕು?

ಆದರೂ ಬೀಗರೆದುರು ಸರಪಟಾಕಿ ಹೊಡೆಯುವುದು ಚೆನ್ನಲ್ಲವೆಂದು ನಿಶ್ಚಿತಾರ್ಥದ ದಿನ ಅಲರ್ಜಿ ಮಾತ್ರೆ ನುಂಗಿದೆ. "ಮಾತ್ರೆ ಮೆಸೇಜ್ ನಿಲ್ಸಲ್ಲ ಕಣೇ," ಎಂದರು ದೊಡ್ಡಮ್ಮ, ನನ್ನ ಜಡೆಗೆ ಹೂ ಮುಡಿಸುತ್ತ. "ಕೊನೇಲಿ ಸೀನು ತರ್ಸೋನ ಕೈ ಹಿಡ್ಕೊಳ್ಳುತ್ತೆ ಅಷ್ಟೆ. ಅಲ್ಲೊಂದು ಇಲ್ಲೊಂದು ತಪ್ಪಿಸ್ಕೊಂಡು ಬರುತ್ತೆ."

ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಪುರೋಹಿತರು ಲಗ್ನಪತ್ರಿಕೆ ಓದಿ ಮುಗಿಸಿದರು. ಅಜ್ಜಿ ಎದ್ದು ತಾಂಬೂಲದ ತಟ್ಟೆಯನ್ನು ಅಮ್ಮನ ಕಡೆ ಚಾಚಿದರು. ಆಗ ಬಂತು ನೋಡಿ.

ಒಂದೇ ಒಂದು.

ಅಜ್ಜಿಯ ಕೈ ಅಲ್ಲೇ ನಿಂತಿತು. ಇನ್ನೊಂದು ಬರಲೆಂದು ನಾನು ಮೂಗು ಉಜ್ಜಿದೆ, ಕತ್ತೆತ್ತಿ ಟ್ಯೂಬ್‌ಲೈಟು ನೋಡಿದೆ, ಜಡೆಯ ಹೂವನ್ನೇ ಮುಂದಕ್ಕೆಳೆದು ಮೂಸಿದೆ. ಊಹೂಂ, ಮಾತ್ರೆ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿತ್ತು. ಸುರೇಶನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಕಾದದ್ದೆಲ್ಲ ಒಂದು ಸೀನಿಗೆ ಹಾರಿಹೋಯಿತಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಸಹಾಯಕ್ಕೆ ಜನ ಎದ್ದರು. "ಹೆಣ್ಣಿಗೆ ದೃಷ್ಟಿ ಆಗೈತೆ," ಎಂದರು ಸುರೇಶನ ಚಿಕ್ಕಪ್ಪ. ನನ್ನ ಸೋದರತ್ತೆ ಅಡುಗೆಮನೆಗೆ ಓಡಿ ಉಪ್ಪು ಮೆಣಸಿನಕಾಯಿ ತಂದು, ನನಗೆ ನಿವಾಳಿಸಿ ಧೂಪದ ಕೆಂಡಕ್ಕೆ ಹಾಕಿದರು. "ಇಷ್ಟು ಸಾಲ್ದು, ಇನ್ನೊಂದು ಹಿಡಿ ಹಾಕಿ," ಎಂದರು ಚಿಕ್ಕಪ್ಪ. ಬೂದಿ ಹಾರದಿರಲೆಂದು ಒಬ್ಬರು ಫ್ಯಾನು ನಿಲ್ಲಿಸಿದರು, ಬೀದಿಯವರ ಕಣ್ಣು ಬೀಳದಿರಲೆಂದು ಇನ್ನೊಬ್ಬರು ಬಾಗಿಲು ಕಿಟಕಿ ಮುಚ್ಚಿದರು. ಇರಲಿ ಎಂದು ಅಪ್ಪ ಸಾಂಬ್ರಾಣಿಯನ್ನೂ ಹಾಕಿದರು. ಒಬ್ಬರನ್ನು ನೋಡಿ ಒಬ್ಬರಿಗೆ ಹುರುಪು.

ಆಮೇಲಿನದನ್ನು ಹೇಗೆ ವರ್ಣಿಸಲಿ! ಮೊದಲು ಪುರೋಹಿತರು ಸೀನಿದರು, ಮಂತ್ರದ ನಡುವೆಯೇ. ಆಮೇಲೆ ಚಿಕ್ಕಪ್ಪ, ಅಮ್ಮ, ಸುರೇಶ. ಇಡೀ ಹಾಲೇ ಸೀನತೊಡಗಿತು. ಒಂಟಿ ಯಾವುದು, ಜೋಡಿ ಯಾವುದು, ಗಂಡಿನ ಕಡೆಯದು ಯಾವುದು, ಯಾರು ಲೆಕ್ಕ ಇಡುತ್ತಾರೆ?

"ಏ, ಸಾಕು ನಿಲ್ಸ್ರೋ! ಕಿಟಕಿ ತಗೀರಿ!" ಅಜ್ಜಿಯ ದನಿ ಹೊಗೆ ಸೀಳಿ ಬಂತು. "ಇಷ್ಟು ಘಾಟು ಬಂತಲ್ಲ, ದೃಷ್ಟಿ ಆಗಿದ್ರೆ ಘಾಟು ಬರ್ತಿತ್ತಾ? ನಾನೇನು ಬ್ಯಾಡ ಅಂದ್ನಾ? ಒಂಟಿ ಸೀನು ಬಿದ್ರೆ ಒಂದ್ ಗಳಿಗೆ ಕೂತು, ನೀರು ಕುಡ್ದು ಏಳೋದು, ಅಷ್ಟೆಯಾ. ಕೂತ್ಕಳಿ ಅನ್ನೋದ್ರೊಳಗೆ ಮೆಣಸಿನಕಾಯಿ ಸುಟ್ಬುಟ್ರಲ್ಲ!"

"ಮತ್ತೆ ಆ ಸೈಟಿನ ರಿಜಿಸ್ಟ್ರೇಶನ್ನು?" ಎಂದ ಸುರೇಶ, ಮೂಗೊರೆಸಿಕೊಳ್ಳುತ್ತ.

"ಅವತ್ತೂ ನೀರು ಕುಡಿ ಅಂದಿದ್ದೆ ಕಣ್ಲಾ. ನಿಮ್ಮಪ್ಪ ಮುದ್ದೆ ಉಂಡು ಮಲಗ್ಬುಟ್ಟ!"

ಕಿಟಕಿಗಳು ತೆರೆದವು, ಫ್ಯಾನು ತಿರುಗಿತು. ಮೂಲೆಯಲ್ಲಿ ದೊಡ್ಡಮ್ಮ ನಕ್ಕೂ ನಕ್ಕೂ ಕುರ್ಚಿಯಿಂದ ಜಾರುವ ಹಾಗಿದ್ದರು. "ಬಂತು ನೋಡೇ, ಸಾಕು ಅನ್ನೋ ಸೆಲ್ಲು!" ಎಂದು ಅಜ್ಜಿಯನ್ನು ತೋರಿಸಿದರು.

"ಏನಂತಾವ್ರೆ ಅವ್ರು?" ಎಂದರು ಅಜ್ಜಿ.

"ಹೊಗಳ್ತಾ ಇದಾರೆ ಅಜ್ಜಿ," ಎಂದೆ. ಆಕಳಿಸುತ್ತ ಕೇಳಿದ್ದ ಪಾಠ ಆಗ ಪೂರ್ತಿ ಅರ್ಥವಾಗಿತ್ತು. ಎಲ್ಲರೂ ಕೂತು ನೀರು ಕುಡಿದ ಮೇಲೆ ತಾಂಬೂಲ ಬದಲಾಯಿತು. ಫೋಟೊಗಳಲ್ಲಿ ಪುರೋಹಿತರೂ ಸೇರಿ ಎಲ್ಲರ ಕಣ್ಣು ಕೆಂಪಾಗಿದೆ. ನೋಡಿದವರು ಎಂಥ ಅಂತಃಕರಣದ ಜನ ಎನ್ನುತ್ತಾರೆ.

ಇವತ್ತಿನ ಘಾಟಿಗೆ ಬರುತ್ತೇನೆ. ಸುರೇಶ ಬ್ಯಾಗು ಹಾಕಿಕೊಂಡು ಆಫೀಸಿಗೆ ಹೊರಟು ಬಾಗಿಲಲ್ಲಿದ್ದ. ಈಗ ದಿನವೂ ನುಂಗುವ ಮಾತ್ರೆಯ ಕೃಪೆಯಿಂದ ನನಗೆ ಸೀನು ಬಂತು, ಒಂದೇ. ಶಕುನವೆಲ್ಲ ಸುಳ್ಳು ಎನ್ನುವ ಮನುಷ್ಯ ಬ್ಯಾಗಿಳಿಸಿ ಕುರ್ಚಿಯಲ್ಲಿ ಕೂತ. ಇಷ್ಟು ದಿನ ನಾನು ಇಂಥ ಹೊತ್ತಿನಲ್ಲಿ ಗೇಲಿ ಮಾಡಿ ಅವನನ್ನು ಎಬ್ಬಿಸಿ ಓಡಿಸುತ್ತಿದ್ದೆ. ಇವತ್ತು ಒಲೆ ಆರಿಸಿ, ಕಿಟಕಿ ತೆರೆದು, ಎರಡು ಲೋಟ ನೀರು ತಂದು ಪಕ್ಕದಲ್ಲಿ ಕೂತೆ. ಕೂತದ್ದೇ ತಡ, ಇನ್ನೊಂದು ಸೀನು ಬಂತು.

"ಜೋಡಿ ಆಯ್ತಲ್ಲ, ಇನ್ನು ಹೊರಡಪ್ಪ," ಎಂದೆ.

"ಇರೇ," ಎಂದ. "ನೀರು ಇನ್ನೂ ಮುಗಿದಿಲ್ಲ."