ಚಳಿ ಮುಗಿದ ಮೇಲೆ ಗಾಡಿ ತೆಗೆದದ್ದು

ನೈರೋಬಿಯ ಚಳಿ ಜೂನ್‌ನಲ್ಲಿ ಬಂದು ಕೂತರೆ ಆಗಸ್ಟ್ ಮುಗಿಯುವ ತನಕ ಏಳುವುದಿಲ್ಲ. ಅಷ್ಟು ದಿನವೂ ನಮ್ಮ ಹಳೆಯ ಫೋರ್ ವೀಲ್ ಗಾಡಿ ಲ್ಯಾವಿಂಗ್ಟನ್ ಮನೆಯ ಕಾಂಪೌಂಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ಊರೊಳಗಿನ ಓಡಾಟಕ್ಕೆ ಚಿಕ್ಕ ಕಾರಿದೆ. ಸೆಪ್ಟೆಂಬರಿನಲ್ಲಿ ಬಿಸಿಲು ಮುಖ ತೋರಿಸಿದ ಕೂಡಲೇ ಗಾಡಿಯನ್ನು ಸಜ್ಜು ಮಾಡಿಕೊಂಡು ಮಗಾಡಿ ಸರೋವರಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ನಮ್ಮ ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಇಲ್ಲಿಯ ಮಗಾಡಿ. ಮಗಳು ಚಿಕ್ಕವಳಿದ್ದಾಗ ಎರಡೂ ಒಂದೇ ಎಂದುಕೊಂಡಿದ್ದಳು.

ಸಜ್ಜು ಮಾಡುವುದು ಯಾವತ್ತೂ ನನ್ನ ಕೆಲಸವಾಗಿರಲಿಲ್ಲ. ಅದು ನನ್ನ ಹೆಂಡತಿಯದು. ಅವಳ ಅಪ್ಪ ಸಂಡೂರಿನ ಗಣಿಯಲ್ಲಿ ಜೀಪು ಓಡಿಸುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಬೆಳೆದವಳು ಅವಳು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಟಾರ್ಚ್ ಹಿಡಿಯುವುದು, ಸ್ಪ್ಯಾನರ್ ಕೊಡುವುದು, ಕಾಫಿ ತರುವುದು, ಇಷ್ಟೇ ನನ್ನ ಪಾಲು. ಅವಳು ಗಾಡಿಯ ಕೆಳಗೆ ಮಲಗಿಕೊಂಡು ಏನೇನೋ ಗುನುಗುತ್ತಿದ್ದಳು. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು.

ಹೋದ ವರ್ಷ ಅವಳಿಗೆ ಉತ್ತರದ ಲೊಡ್ವಾರಿಗೆ ವರ್ಗವಾಯಿತು. ಮಕ್ಕಳ ಅಪೌಷ್ಟಿಕತೆಯ ಮೇಲೆ ಕೆಲಸ ಮಾಡುವ ಸಂಸ್ಥೆ ಅವಳದು. ಅಲ್ಲಿಯವರೆಗೆ ನೈರೋಬಿಯಲ್ಲೇ, ಗಿಗಿರಿ ಬಡಾವಣೆಯ ಆಫೀಸಿನಲ್ಲಿದ್ದವಳು, ತಾನೇ ಕೇಳಿಕೊಂಡು ಹೋದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಜುಲೈನಲ್ಲಿ ನಾನೂ ಮಗಳೂ ಮನೆಯೊಳಗೇ ಸ್ವೆಟರ್ ಹಾಕಿಕೊಂಡು ಫೋನ್ ಹಿಡಿದು ಕೂತರೆ, ಅವಳು ಆ ಕಡೆ ಬೆವರು ಒರೆಸಿಕೊಳ್ಳುತ್ತಾ ಮಾತಾಡುತ್ತಿದ್ದಳು. ಒಂದೇ ದೇಶದಲ್ಲಿದ್ದೂ ನಮ್ಮ ಋತುಗಳೇ ಬೇರೆಯಾಗಿದ್ದವು.

ಸೆಪ್ಟೆಂಬರಿಗೆ ಬರುತ್ತೇನೆ ಎಂದಿದ್ದಳು. ಒಂದು ಶುಕ್ರವಾರ ಫೋನ್ ಮಾಡಿ, ಜೊತೆಯವರೊಬ್ಬರಿಗೆ ಕಾಯಿಲೆಯಾಗಿದೆ, ರಜೆ ಮುಂದಕ್ಕೆ ಹೋಯಿತು ಎಂದಳು. ಮಗಳು ಎದ್ದು ತನ್ನ ರೂಮಿಗೆ ಹೋದಳು.

ಮರುದಿನ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಟಾರ್ಪಾಲನ್ನು ಎಳೆದು ಹುಲ್ಲಿನ ಮೇಲೆ ಹಾಸಿದ್ದಳು. ಅಮ್ಮ ಬಂದ ಮೇಲೆ ಮಾಡೋಣ ಬಿಡು ಎಂದೆ. ಹದಿನೈದು ವರ್ಷದ ಹುಡುಗಿ; ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು ಅವಳ ಅಭ್ಯಾಸ. ಅಮ್ಮನಿಗೋಸ್ಕರವೇ ಈಗ ಮಾಡಬೇಕು, ಬಂದಾಗ ಅವಳಿಗೆ ಇದನ್ನೆಲ್ಲ ಮಾಡಲು ಸಮಯವೆಲ್ಲಿರುತ್ತದೆ ಎಂದಳು. ನಾನು ಅಂಗಿಯ ತೋಳು ಮಡಚಿದೆ.

ಟಯರುಗಳಿಗೆ ಗಾಳಿ ತುಂಬಿದೆವು. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಇಲಿಯ ಗೂಡು, ಒಣಹುಲ್ಲಿನ ನಡುವೆ ಸೀಟಿನ ಸ್ಪಂಜಿನ ಚೂರುಗಳು. ಆಯಿಲ್ ಬದಲಾಯಿಸುವಾಗ ಅರ್ಧ ನನ್ನ ತೋಳಿನ ಮೇಲೇ ಹರಿಯಿತು. ಚಳಿಗಾಲವಿಡೀ ಮನೆಯೊಳಗಿಟ್ಟಿದ್ದ ಬ್ಯಾಟರಿಯನ್ನು ಜೋಡಿಸಿ ಕೀ ತಿರುಗಿಸಿದೆ. ಎಂಜಿನ್ ಗೊರಗೊರ ಎಂದಿತೇ ಹೊರತು ಹಿಡಿದುಕೊಳ್ಳಲಿಲ್ಲ. ಮತ್ತೆ ಮತ್ತೆ ತಿರುಗಿಸಿದೆ. ಕೊನೆಗೆ ಮಗಳು ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿದಳು.

ಲೊಡ್ವಾರಿನ ಕೋಣೆಯ ಫ್ಯಾನಿನ ಸದ್ದಿನ ಮಧ್ಯೆ ಅವಳು ಎಲ್ಲ ಕೇಳಿಸಿಕೊಂಡಳು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ, ಫಿಲ್ಟರಿನ ಮೇಲೊಂದು ಚಿಕ್ಕ ಪಂಪಿದೆ, ಅದು ಗಟ್ಟಿಯಾಗುವ ತನಕ ಒತ್ತುತ್ತಿರಿ ಎಂದಳು. ಮಗಳು ಹೆಬ್ಬೆರಳು ಕೆಂಪಾಗುವಂತೆ ಒತ್ತಿದಳು. ನಾನು ಕೀ ತಿರುಗಿಸಿದೆ. ಗಾಡಿ ಒಮ್ಮೆ ಕೆಮ್ಮಿ, ಕರಿ ಹೊಗೆ ಉಗುಳಿ, ಹಿಡಿದುಕೊಂಡಿತು.

ಮಗಳು ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದಳು. ಬೆಲ್ಟ್ ಸರಿಯಿದೆ, ಸದ್ದೂ ಸರಿಯಿದೆ ಎಂದು ಆ ಕಡೆಯಿಂದ ಕೇಳಿಸಿತು. ಸಾಕು, ಆಫ್ ಮಾಡ್ತೀನಿ ಎನ್ನುತ್ತಾ ನಾನು ಕೀಗೆ ಕೈ ಹಾಕಿದೆ.

“ರೀ, ಆಫ್ ಮಾಡ್ಬೇಡಿ,” ಎಂದಳು. “ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇರ್ಲಿ.”

ನಾನು ಕೈ ಹಿಂದಕ್ಕೆ ತೆಗೆದೆ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಮಗಳು ಕೈ ಸೋತಾಗ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಪರದೆಯಲ್ಲಿ ಮುಖವಿರಲಿಲ್ಲ, ಆ ಕಡೆ ಹೆಂಡತಿ ಫೋನನ್ನು ಕಿವಿಗೆ ಒತ್ತಿ ಹಿಡಿದಿರಬೇಕು. ಎಷ್ಟೋ ಹೊತ್ತಿನ ಮೇಲೆ ನಾನು ಕೇಳಿದೆ:

“ತಿಂಡಿ ಆಯ್ತಾ?”

“ಇನ್ನೂ ಇಲ್ಲ,” ಎಂದಳು. “ಈಗ ತಿಂತೀನಿ.”

ಮರುದಿನ ಮಗಳನ್ನು ಕೂರಿಸಿಕೊಂಡು ಗೊಂಗ್ ಬೆಟ್ಟದ ಆಚೆ, ಕಣಿವೆ ಬಾಯ್ತೆರೆಯುವ ತಿರುವಿನ ತನಕ ಹೋದೆ. ಕೆಳಗೆ ಮಗಾಡಿಯ ರಸ್ತೆ ಬಿಸಿಲಿನಲ್ಲಿ ಇಳಿದುಹೋಗಿತ್ತು. ಇಳಿಯೋಣವಾ ಎಂದು ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿದಳು. ನನಗೂ ಮನಸ್ಸಿರಲಿಲ್ಲ. ಹಿಂದಿರುಗಿದೆವು.

ಹೆಂಡತಿ ಬಂದದ್ದು ನವೆಂಬರಿನಲ್ಲಿ, ಮಳೆ ಹಿಡಿದ ಮೇಲೆ. ಬಂದವಳು ಎರಡು ದಿನ ನಿದ್ದೆ ಮಾಡಿದಳು. ಆಮೇಲೆ ಕೊಡೆ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದು, ಟಯರುಗಳನ್ನು ಒತ್ತಿ ನೋಡಿದಳು. ಸರೋವರಕ್ಕೆ ಹೋಗುವ ಮಾತನ್ನು ನಾವು ಯಾರೂ ಎತ್ತಲಿಲ್ಲ. ಮನೆಯಲ್ಲೇ ಇದ್ದೆವು, ಒಂದೇ ಸೋಫಾದಲ್ಲಿ.

ಹೊರಡುವ ದಿನ ವಿಲ್ಸನ್ ವಿಮಾನ ನಿಲ್ದಾಣದ ತನಕ ಅವಳೇ ಗಾಡಿ ಓಡಿಸಿದಳು. ಬೇಕೆಂತಲೇ ನಿಧಾನವಾಗಿ. ಹಿಂದಿನ ಮಟಾಟು ವ್ಯಾನುಗಳು ಹಾರ್ನ್ ಹೊಡೆದು ಹೊಡೆದು ಪಕ್ಕದಲ್ಲಿ ನುಗ್ಗಿಹೋದವು. ಅವಳು ಒಳಗೆ ಹೋದ ಮೇಲೂ ನಾವಿಬ್ಬರು ಬೇಲಿಯ ಹೊರಗೆ ರಸ್ತೆಯ ಪಕ್ಕ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ವಿಮಾನ ಎದ್ದಿತು, ಅದರ ಹಿಂದೆಯೇ ಇನ್ನೊಂದು. ಅವಳು ಯಾವುದರಲ್ಲಿದ್ದಳೋ ಗೊತ್ತಾಗಲಿಲ್ಲ. ಮಗಳು ಎರಡಕ್ಕೂ ಕೈ ಬೀಸಿದಳು.