ಕಿವಿ ನೆಟ್ಟಗೆ ಮಾಡಿದ ನಿಂಗಪ್ಪ ಕಾಕಾ

ರಿಪೇರಿಗೆ ಸೈಕಲ್ ತಂದವರಿಗೆ ನಿಂಗಪ್ಪ ಕಾಕಾನ ಮುಖ ಮೊದಲು ಕಾಣುತ್ತಿರಲಿಲ್ಲ, ಅಂಗಾಲು ಕಾಣುತ್ತಿದ್ದವು. ಹಳಿಯಾಳ ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಅದರ ಮುಂದೆ ಗೋಣಿಚೀಲ ಹಾಸಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಸೈಕಲ್ಲನ್ನು ಹಿಂದಿನಿಂದ ನೋಡುತ್ತಿದ್ದರು. ನೋಡಿ ಮುಗಿಯುವವರೆಗೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ.

ಒಮ್ಮೆ ಕಿರಾಣಿ ಅಂಗಡಿಯ ಸಾವಕಾರರೊಬ್ಬರು ತಮ್ಮ ಸೈಕಲ್ಲು ಎಡಕ್ಕೆ ಎಳೆಯುತ್ತದೆ ಎಂದು ತಂದರು. ಕಾಕಾ ಮಲಗಿ ನೋಡಿ ಎದ್ದರು.

"ಸೈಕಲ್ ನೆಟ್ಟಗೈತ್ರಿ ಸಾವಕಾರ್ರ. ನಿಮ್ಮ ಎಡಗಡೆ ಕಿಸೇದಾಗಿನ ಕೀಲಿಗೊಂಚಲಾ ತಗೀರಿ."

ಅರ್ಧ ಕಿಲೋ ಇದ್ದೀತು ಆ ಗೊಂಚಲು. ಸಾವಕಾರರು ಸಿಟ್ಟಿನಲ್ಲೇ ಅದನ್ನು ಬಲಗಡೆಯ ಕಿಸೆಗೆ ಹಾಕಿಕೊಂಡು ಹೋದರು. ಮತ್ತೆ ತಕರಾರು ತರಲಿಲ್ಲ.

ನಾನು ಮೂವತ್ತೈದು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು. ಆ ಸರ್ಟಿಫಿಕೇಟು ತೋರಿಸಿ ಸಿಕ್ಕ ಮೊದಲ ಕೆಲಸ ದಾಂಡೇಲಿಯ ಒಂದು ಹೋಂಸ್ಟೇಯಲ್ಲಿ. ಅಲ್ಲಿಗೆ ಬಂದ ಅತಿಥಿಗಳನ್ನು ಗೇರ್ ಸೈಕಲ್ ಮೇಲೆ ಉಳವಿಗೆ ಕರೆದೊಯ್ಯಬೇಕು. ಮೊದಲ ಸವಾರಿ ಭಾನುವಾರ ಇತ್ತು. ಗೇರು ರೂಢಿಯಾಗಲಿ ಎಂದು ಹೋಂಸ್ಟೇ ಮಾಲಕಿ, ನಾವೆಲ್ಲ ಅಕ್ಕಾರು ಎನ್ನುವವರು, ಶುಕ್ರವಾರ ಒಂದು ಸೈಕಲ್ಲನ್ನು ಕೊಟ್ಟು ಕಳಿಸಿದ್ದರು. "ಹಳಿಯಾಳಕ್ಕ ಹೊಡಕೊಂಡ ಹೋಗು. ಹುಷಾರ್ ಮತ್ತ," ಎಂದಿದ್ದರು.

ಮರುದಿನ ಬೆಳಿಗ್ಗೆ ಊರ ಹೊರಗೆ ಅಭ್ಯಾಸ ಮಾಡುವಾಗ ಕಬ್ಬಿನ ಟ್ರ್ಯಾಲಿ ಸಿಕ್ಕಿತು. ಓಡುವ ಟ್ರ್ಯಾಲಿ ಕಂಡರೆ ಹಳಿಯಾಳದವನ ಕೈ ಸುಮ್ಮನಿರುವುದಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಕಬ್ಬು ಹಿರಿದೆ. ಹಿರಿದ ಕಬ್ಬು ಸೀದಾ ಹಿಂದಿನ ಗಾಲಿಗೆ ಹೊಕ್ಕಿತು. ಹಿಂದಿನ ಗೇರು ಸ್ಪೋಕುಗಳ ಕಡೆಗೆ ವಾಲಿ ನಿಂತಿತು.

ಸೈಕಲ್ಲನ್ನು ತಳ್ಳಿಕೊಂಡು ಕಾಕಾನ ಅಂಗಡಿಗೆ ಬಂದೆ. "ಬಿದ್ದೆ ಕಾಕಾ," ಎಂದೆ.

ಕಾಕಾ ಮಲಗಿ ನೋಡಿದರು. ಗೇರಿನ ಸಂದಿಯಿಂದ ಒಂದು ಹಸಿ ಸಿಪ್ಪೆ ಎಳೆದು ತೆಗೆದರು.

"ಬಿದ್ದಲ್ಲಿ ಕಬ್ಬು ಬೆಳದಿತ್ತೇನಪಾ?"

ಟ್ರ್ಯಾಲಿಯ ಕಥೆ ಹೇಳಿಬಿಟ್ಟೆ.

ಹಿಂದಿನ ಗೇರು ನೇತಾಡುವ ಆ ಚಿಕ್ಕ ಪಟ್ಟಿಗೆ ಹ್ಯಾಂಗರ್ ಎನ್ನುತ್ತಾರೆ. ಕಾಕಾ ಅದನ್ನು ಕಿವಿ ಎನ್ನುತ್ತಿದ್ದರು. ಕೆಲವು ಸೈಕಲ್ಲಿನ ಕಿವಿಯನ್ನು ಬಿಚ್ಚಿ ಬೇರೆ ಹಾಕಬಹುದು. ಇದು ಉಕ್ಕಿನ ಫ್ರೇಮು, ಕಿವಿ ಫ್ರೇಮಿನ ಜೊತೆಗೇ ಇತ್ತು. ಕಿವಿ ಮುರಿದರೆ ಫ್ರೇಮೇ ಹೋಯಿತು, ಅದರ ಹಿಂದೆ ನನ್ನ ಕೆಲಸವೂ.

"ಹಿಂಡಬೇಕಾದ ಕಿವಿ ಸೈಕಲ್ಲಿಂದಲ್ಲ, ನಿಂದು," ಎನ್ನುತ್ತ ಕಾಕಾ ಗೇರನ್ನು ಬಿಚ್ಚಿಟ್ಟರು. ಇನ್ನೊಂದು ಗೇರ್ ಸೈಕಲ್ಲಿನ ಹಳೆಯ ಹಿಂದಿನ ಗಾಲಿ ತಂದು, ಅದರ ಎಕ್ಸಲ್ ತುದಿಯನ್ನು ಕಿವಿಯ ತೂತಿಗೆ ತಿರುವಿ ಕೂರಿಸಿದರು. ಈಗ ಪಕ್ಕಪಕ್ಕ ಎರಡು ಗಾಲಿ. ಕಿವಿ ನೆಟ್ಟಗಿದ್ದರೆ ಎರಡರ ನಡುವಿನ ಅಂತರ ಎಲ್ಲ ಕಡೆಯೂ ಒಂದೇ ಇರಬೇಕು. ಬಿದಿರು ಕಡ್ಡಿ ಹಿಡಿದು ಮೇಲೆ, ಕೆಳಗೆ, ಹಿಂದೆ, ಮುಂದೆ ಅಳೆದರು. ಮೇಲೆ ಕಡ್ಡಿ ಸಡಿಲಾಗಿ ಆಡಿತು, ಕೆಳಗೆ ಹಿಡಿಸಲೇ ಇಲ್ಲ. ಆ ಹಳೇ ಗಾಲಿಯನ್ನೇ ಹಿಡಿದು ನಿಧಾನಕ್ಕೆ ಒತ್ತಿದರು. ಉಕ್ಕು ಸಣ್ಣಗೆ ಕಿರುಗುಟ್ಟಿತು.

"ಮುರೀತೇನ್ರಿ ಕಾಕಾ?"

"ಮುರಿಯೂದು ಹಿಂಗ ಹೇಳಿ ಕೇಳಿ ಬರಂಗಿಲ್ಲ. ಸುಮ್ಮ ನಿಂದ್ರು."

ಒತ್ತುವುದು, ಅಳೆಯುವುದು, ಮತ್ತೆ ಒತ್ತುವುದು. ಕೊನೆಗೆ ಕಡ್ಡಿ ನಾಲ್ಕೂ ಕಡೆ ಒಂದೇ ಸಮ ಹಿಡಿಯಿತು. ಗೇರು ಹಾಕಿ ಪೆಡಲ್ ತಿರುವಿದರು. ಚೈನು ಒಂದೊಂದೇ ಹಲ್ಲುಚಕ್ರಕ್ಕೆ ತಕರಾರಿಲ್ಲದೆ ಏರಿತು, ಇಳಿಯಿತು.

ಮುಗಿಯಿತೆಂದುಕೊಂಡೆ. ಕಾಕಾ ಕಬ್ಬಿಣ ಉಜ್ಜುವ ಅರ ಕೈಗೆತ್ತಿಕೊಂಡರು. ಬಾಗಿದ್ದನ್ನು ನೆಟ್ಟಗೆ ಮಾಡಿದ ಮೇಲೆ, ಬಣ್ಣ ಹೋಗುವಷ್ಟು ಒಂದು ಗೆರೆ ಹಾಕುವುದು ಅವರ ಪದ್ಧತಿ.

"ಗೆರಿ ಬ್ಯಾಡ್ರಿ ಕಾಕಾ. ಅಕ್ಕಾರು ನೋಡಿದ್ರ ಕೆಲಸ ಹೋಕ್ಕೈತಿ."

"ಇದು ಒಮ್ಮೆ ಬಗ್ಗಿ ಎದ್ದೈತಿ. ಗೊತ್ತಿಲ್ದ ಯಾರರೆ ಇನ್ನೊಮ್ಮೆ ಬಗ್ಗಿಸಿದ್ರ ಪಟ್ ಅಂತೈತಿ. ಉಳವಿ ಏರಿನ್ಯಾಗ ಅಂದ್ರ? ಮ್ಯಾಲಿದ್ದಾವ ಯಾರ ಮಗನೋ ಏನೋ." ಅರವನ್ನು ನನ್ನ ಕೈಗಿಟ್ಟರು. "ನೀನ ಹಾಕು."

ಹಾಕಿದೆ. ಅದೇ ಸಂಜೆ ದಾಂಡೇಲಿಗೆ ಹೋಗಿ, ಅಕ್ಕಾರು ಕೇಳುವ ಮೊದಲೇ ಗೆರೆ ತೋರಿಸಿ, ಕಬ್ಬಿನ ಕಥೆಯನ್ನೂ ಹೇಳಿದೆ. ಅವರು ಬಗ್ಗಿ ಗೆರೆಯ ಮೇಲೆ ಬೆರಳಾಡಿಸಿದರು.

"ಈ ಸೈಕಲ್ ಗೆಸ್ಟಿಗೆ ಕೊಡಂಗಿಲ್ಲ. ನೀನ ಹೊಡಿ," ಎಂದರು ಆಮೇಲೆ. "ಇನ್ನೊಮ್ಮೆ ಕಬ್ಬಿಗೆ ಕೈ ಹಾಕಿದ್ರ ಸೀದಾ ಮನೀಗೆ ನಡಿ."

ಭಾನುವಾರ ಎಂಟು ಜನರನ್ನು ಉಳವಿ ಮುಟ್ಟಿಸಿದೆ. ಕಡಿದಾದ ಏರಿನಲ್ಲೂ ಗೇರು ಜಾರಲಿಲ್ಲ. ಇವತ್ತಿಗೂ ಅದೇ ಕೆಲಸ, ಅದೇ ಸೈಕಲ್ಲು.

ಆ ಭಾನುವಾರ ಕಳೆದು ಹದಿನೈದು ದಿನಕ್ಕೇ ಕಾಕಾ ಎದೆನೋವಿನಿಂದ ಹೋದರು. ಸುದ್ದಿ ಬಂದಾಗ ಅತಿಥಿಗಳ ಜೊತೆ ಉಳವಿಯಲ್ಲಿದ್ದೆ. ಅವರನ್ನು ಮರಳಿ ಬಿಟ್ಟು ಹಳಿಯಾಳ ಮುಟ್ಟುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಕಾಕಾನ ಜೊತೆ ನಾನು ಕೊನೆಯದಾಗಿ ಮಾತಾಡಿದ್ದು ಆ ಮೊದಲ ಸವಾರಿಯ ಮರುದಿನ.

"ಅಕ್ಕಾರು ಕೆಲಸದಿಂದ ತಗೀಲಿಲ್ರಿ ಕಾಕಾ," ಎಂದಿದ್ದೆ.

"ತಗದಿದ್ರ ಏನ್ ಮಾಡ್ತಿದ್ದಿ?"

"ಇಲ್ಲಿಗೆ ಬಂದು ನಿಮ್ಮನ್ನ ಬೈತಿದ್ನಿರಿ."

ಕಾಕಾ ನಕ್ಕರು. ಅಂಗಡಿಯ ಮೂಲೆಯಲ್ಲಿ ಯಾವಾಗಲೂ ಇರುತ್ತಿದ್ದ ಹಳೇ ಟೈರುಗಳ ರಾಶಿ ಆ ದಿನ ಇರಲಿಲ್ಲ. ಕಸ ಗುಡಿಸಿ ಸ್ವಚ್ಛ ಮಾಡಿದ್ದರು.

"ಬೈಯಬೇಕು. ಬೈದು, ಅಲ್ಲೇ ಕುಂತು ನನ್ನ ಕೂಡ ಪಂಚರ್ ತಗೀಬೇಕು. ನೀ ಗೆರಿ ಹಾಕಿ ಹ್ವಾದ ದಿನಾನ ನಿನಗಂತ ಜಾಗಾ ಮಾಡಿ ಇಟ್ಟಿದ್ದೆ."