ಮಹಡಿ ಹತ್ತಿ ಬಂದ ನೊರೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತೂ ಸಾಲದು. ಓದುವವರು ಕ್ಷಮಿಸಬೇಕು. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಊರಿನ ಯಾರಾದರೂ ಒಬ್ಬರ ಬದುಕನ್ನು ಬರೆದು ಕೊಡಿ ಎಂದು ಗ್ರಂಥಾಲಯದವರು ಕೇಳಿದಾಗ, ಪಕ್ಕದ ಮನೆಯ ದ್ರಾಹುಶೆ ಅತ್ತೆಯ ಬಳಿ ಹೋಗಿ ಬರೆಯಲೇ ಎಂದು ಕೇಳಿದೆ. "ಬರಿ ಮಗಾ, ಏನೂ ಮುಚ್ಚಿಡಬೇಡ. ನನ್ನ ವಯಸ್ಸೊಂದು ಬಿಟ್ಟು" ಎಂದಳು. ತಪ್ಪಾಗಬಾರದೆಂದು ಬರೆದದ್ದನ್ನು ಅವಳಿಗೇ ಓದಿ ಹೇಳಿ ತಿದ್ದಿಕೊಂಡಿದ್ದೇನೆ.

ಬೊಹೀಮಿಯದ ನಮ್ಮ ಈ ಹಳ್ಳಿಯ ಪಬ್ಬಿನಲ್ಲಿ ದ್ರಾಹುಶೆ ಅತ್ತೆ ಮದುವೆಗೆ ಮುಂಚಿನಿಂದ ಕೂದಲು ನರೆಯುವವರೆಗೆ ಪೀಪಾಯಿಯ ನಲ್ಲಿಯಿಂದ ಬಿಯರ್ ತುಂಬಿಸಿ ಕೊಟ್ಟವಳು. ನಲ್ಲಿ ತಿರುಗಿಸಲು ಯಾರಿಗಾದರೂ ಬರುತ್ತದೆ, ನೊರೆಯನ್ನು ಕುಸಿಯದಂತೆ ನಿಲ್ಲಿಸಲು ಬರುವುದಿಲ್ಲ. ಅವಳು ಕೊಟ್ಟ ಗ್ಲಾಸನ್ನು ಕುಡಿದು ಕೆಳಗಿಟ್ಟರೆ, ಗುಟುಕಿಗೊಂದರಂತೆ ಬಿಳಿಯ ಬಳೆಗಳು ಗಾಜಿನ ಒಳಮೈಗೆ ಅಂಟಿಕೊಂಡಿರುತ್ತಿದ್ದವು. ಪಟ್ಟಣದ ಹೆಂಗಸರು ತುಟಿಗೆ ಬಣ್ಣ ಬಳಿದುಕೊಂಡು ಬಂದರೆ ಮುಲಾಜಿಲ್ಲದೆ ಹೇಳುತ್ತಿದ್ದಳು.

"ಮೊದಲು ತುಟಿ ಒರೆಸ್ಕೊಳ್ಳಮ್ಮ. ಜಿಡ್ಡು ತಾಗಿದ್ರೆ ನೊರೆ ಸತ್ತೋಗುತ್ತೆ. ಆಮೇಲೆ ನಿನ್ನ ಗಂಡ ನನ್ನ ಬಿಯರನ್ನ ಬೈತಾನೆ."

ಅವಳ ಗಂಡ ವೆಂದೆಲೀನ್ ಮಾವ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ನಿವೃತ್ತನಾದ ಮೇಲೆ ಹಿತ್ತಿಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹಂಡೆ ಹೂಡಿ, ಮನೆಮಟ್ಟಿಗೆ ಬಿಯರ್ ಕಾಯಿಸತೊಡಗಿದ. ಒಳ್ಳೆಯವನು, ಆದರೆ ಮರದಂಥವನೇ. ಹೆಂಡತಿಯ ಕೈ ಹಿಡಿದು ಬೀದಿಯಲ್ಲಿ ನಡೆದದ್ದನ್ನು ಯಾರೂ ಕಂಡಿಲ್ಲ. ಅವಳ ಹುಟ್ಟುಹಬ್ಬ ಬಂದರೆ ಒಂದು ಗಾಡಿ ಸೌದೆ ಒಡೆದು ಅಂದವಾಗಿ ಜೋಡಿಸಿಡುತ್ತಿದ್ದ, ಅಷ್ಟೇ.

ಹೋದ ಚಳಿಗಾಲ ಅತ್ತೆಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದವಳಿಗೆ ಏನೂ ಇಳಿಯದು. ಸೂಪು ಉರಿ, ಆಲೂಗಡ್ಡೆ ನುಣ್ಣಗೆ ಮಸೆದು ಕೊಟ್ಟರೂ ಮುಳ್ಳು.

"ಏನಾದ್ರೂ ತಿನ್ನಬೇಕು ಅನ್ಸುತ್ತಾ ದ್ರಾಹು?" ಎಂದು ಮಾವ ಕೇಳಿದ.

"ನೊರೆ ಕೊಡು ವೆಂದಾ. ಬಿಯರ್ ಬೇಡ, ಗ್ಲಾಸಿನ ತುಂಬ ನೊರೆ."

ನಮ್ಮಲ್ಲಿ ಹಾಗೆ ಕುಡಿಯುವುದುಂಟು. ನಲ್ಲಿಯಿಂದ ದಟ್ಟವಾದ ನೊರೆಯನ್ನೇ ಬಿಟ್ಟುಕೊಂಡರೆ ಕಹಿಯಿಲ್ಲ, ನುಂಗುವ ಕಷ್ಟವಿಲ್ಲ, ತಾನಾಗಿಯೇ ಇಳಿಯುತ್ತದೆ. ವೈದ್ಯರೂ, ಇಳಿಯುವುದಾದರೆ ಸ್ವಲ್ಪ ಕೊಡಿ ಎಂದರು. ಅಂದಿನಿಂದ ಮಾವನಿಗೆ ಅದೇ ಧ್ಯಾನ.

ಆಸ್ಪತ್ರೆಯಿಂದ ಬಂದಾಗ ಅವಳ ತುಟಿಗಳು ಒಡೆದು ರಕ್ತ ಜಿನುಗುತ್ತಿತ್ತು. ಪ್ರತಿ ಸಂಜೆ ಮಾವ ಮಹಡಿಯ ಕೋಣೆಗೆ ಬಂದು, ಹೆಬ್ಬಾತಿನ ಕೊಬ್ಬನ್ನು ಬೆರಳ ತುದಿಯಲ್ಲಿ ಬೆಚ್ಚಗೆ ಮಾಡಿ ಅವಳ ತುಟಿಗೆ ಸವರುತ್ತಿದ್ದ. ಆಮೇಲೆ ಕೆಳಗಿಳಿದು, ಪೀಪಾಯಿಯಿಂದ ನೊರೆ ತುಂಬಿಕೊಂಡು, ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ. ಅವಳು ಬಾಯಿಟ್ಟದ್ದೇ ತಡ, ನೊರೆ ಚುಂಯ್ ಎಂದು ಕುಸಿಯುತ್ತಿತ್ತು. ಒಂದು ಗುಟುಕು ನೊರೆ. ಉಳಿದದ್ದೆಲ್ಲ ಗಂಟಲು ಸುಡುವ ಕಹಿ ನೀರು.

ಅತ್ತೆಗೆ ಮೊದಲ ದಿನವೇ ಗೊತ್ತಾಯಿತು. ಎಷ್ಟು ಹೆಂಗಸರ ತುಟಿ ಒರೆಸಿಸಿದವಳು ಅವಳು! ಹೇಳಬೇಕೆಂದು ಬಾಯಿ ತೆರೆದಳು. ಆದರೆ ಆ ಬೆರಳು ನೆನಪಾಯಿತು. ಹಲಗೆ ಎತ್ತಿ ಎತ್ತಿ ಒರಟಾದ ಬೆರಳು, ಅವಳ ತುಟಿಯ ಮೇಲೆ ಮಾತ್ರ ಹಕ್ಕಿಮರಿಯನ್ನು ಮುಟ್ಟಿದ ಹಾಗೆ ಓಡಾಡಿತ್ತು. ಕಾರಣವಿಲ್ಲದೆ ಅವನು ಮುಟ್ಟುವವನಲ್ಲ. ಕೊಬ್ಬು ಬೇಡ ಎಂದರೆ ಆ ಡಬ್ಬಿ ಅಡುಗೆಮನೆಯ ಕಪಾಟು ಸೇರುತ್ತದೆ, ಬೆರಳೂ ಅದರ ಹಿಂದೆಯೇ ಹೋಗುತ್ತದೆ.

"ನಾಳೆ ನಿಲ್ಲುತ್ತೆ ಬಿಡು" ಎಂದಳು.

ನಾಳೆಯೂ ನಿಲ್ಲಲಿಲ್ಲ. ಮಾವ ಗ್ಲಾಸನ್ನು ಸೋಡಾಪುಡಿ ಹಾಕಿ ಉಜ್ಜಿದ, ಬಟ್ಟೆ ತಾಗಿಸದೆ ಬೋರಲು ಹಾಕಿ ಒಣಗಿಸಿದ. ಮುಂದಿನ ಹಂಡೆಗೆ, ನೊರೆ ಗಟ್ಟಿಯಾಗಲೆಂದು, ಬಾರ್ಲಿಯ ಜೊತೆ ಒಂದಿಷ್ಟು ಗೋಧಿ ಸೇರಿಸಿದ. ಅದು ಹುಳಿತು, ತಣ್ಣಗೆ ಕೂತು ಹದಕ್ಕೆ ಬರುವಷ್ಟರಲ್ಲಿ ಹಿಮ ಕರಗಿತ್ತು. ಅತ್ತೆಯ ಕೆನ್ನೆಯೂ ಕರಗಿತ್ತು.

ಹೊಸ ಪೀಪಾಯಿ ತೆರೆದ ದಿನ ಮಾವನ ಗೆಳೆಯ ಓತಾ ಬಂದ. ಕೆಳಗಿನ ಮಾತು ಮಹಡಿಗೆ ಕೇಳುತ್ತಿತ್ತು.

"ಏನೋ, ಗೋಧಿ ಹಾಕಿದೀಯಂತೆ? ಇನ್ನೊಂದಿಷ್ಟು ಮೊಟ್ಟೆ, ಸಕ್ಕರೆ ಹಾಕಿದ್ರೆ ಕೇಕೇ ಆಗ್ತಿತ್ತಲ್ಲೋ!"

"ಬಾಯ್ಮುಚ್ಕೊಂಡು ಕುಡಿ."

"ಬಾಯಿ ಮುಚ್ಕೊಂಡು ಹೆಂಗೋ ಕುಡಿಯೋದು? ಅಬ್ಬಾ, ನೋಡಿಲ್ಲಿ, ಮೀಸೆಗೆ ಮೆತ್ಕೊಂಡುಬಿಡ್ತು! ಇಷ್ಟು ಚೆನ್ನಾಗಿ ನಿಂತಿದೆ, ಮತ್ತೇನೋ ನಿನ್ನ ಗೋಳು?"

"ನಿನಗೆ ನಿಲ್ಲುತ್ತೆ" ಎಂದ ಮಾವ. "ಅವಳಿಗೆ ಮಾತ್ರ ನಿಲ್ಲಲ್ಲ."

ಓತಾ ಮತ್ತೆ ತಮಾಷೆ ಮಾಡಲಿಲ್ಲ.

ಆ ಸಂಜೆಯೂ ಕೊಬ್ಬು ಸವರಿ, ನೊರೆ ತಂದು, ಅದು ಕುಸಿಯುವುದನ್ನು ನೋಡಿ ಮಾವ ಹಾಸಿಗೆಯ ಅಂಚಿನಲ್ಲಿ ಕುಕ್ಕರಿಸಿದ.

"ಹಂಡೆ ಓತಾಗೆ ಕೊಟ್ಟುಬಿಡ್ತೀನಿ. ಹಂದಿ ಕುಯ್ದಾಗ ಸಾಸೇಜ್ ಬೇಯಿಸ್ಕೊಳ್ಳಲಿ. ಊರಿಗೆಲ್ಲ ನೊರೆ ಕೊಟ್ಟೋಳು ನೀನು. ನಿನಗೊಂದು ಗ್ಲಾಸು ಕೊಡೋ ಯೋಗ್ಯತೆ ನನಗಿಲ್ಲ."

ಅತ್ತೆಗೆ ತಡೆಯಲಾಗಲಿಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ತರಲು ಹೇಳಿ, ತುಟಿಯನ್ನು ಗಸಗಸ ಉಜ್ಜಿಕೊಂಡಳು.

"ಈಗ ಹೋಗಿ ಬೇರೆ ಗ್ಲಾಸು ತಗೊಂಬಾ."

ತಂದ. ಅವಳು ಬಾಯಿಟ್ಟಳು. ನೊರೆ ಅಲುಗಲಿಲ್ಲ. ಮತ್ತೊಂದು ಗುಟುಕು, ಇನ್ನೊಂದು. ತಣ್ಣಗೆ, ಮೆತ್ತಗೆ ಇಳಿಯಿತು.

"ತಪ್ಪು ನಿನ್ನ ಬಿಯರಿಂದಲ್ಲ ವೆಂದಾ, ಕೊಬ್ಬಿಂದು."

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನದಿಂದ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ? ಉಪವಾಸ ಬಿದ್ದು ಸಾಯಬೇಕಂತಿದ್ಯಾ, ಕತ್ತೆ!"

"ಹೇಳಿದ್ರೆ ನೀನು ಹಚ್ಚೋದು ಬಿಟ್ಟುಬಿಡ್ತಿದ್ದೆ."

ಮಾವನ ಕಿವಿ ಕೆಂಪಾದವು. ಕಿಟಕಿ ನೋಡಿದ, ಗೋಡೆ ನೋಡಿದ, ತನ್ನ ಬೆರಳನ್ನು ನೋಡಿಕೊಂಡ.

"ಮೊದಲು ಅದನ್ನ ಪೂರ್ತಿ ಕುಡಿ" ಎಂದ ಕೊನೆಗೆ. "ಆಮೇಲೆ ಹಚ್ತೀನಿ."

ಈಗ ಅತ್ತೆ ಸೂಪಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಾಳೆ. ತುಟಿ ಎಂದೋ ವಾಸಿಯಾಗಿದೆ. ಆದರೂ ಸಂಜೆ ಗ್ಲಾಸು ಖಾಲಿಯಾದ ಮೇಲೆ ಮಾವ ಡಬ್ಬಿ ತೆರೆಯುತ್ತಾನೆ, ಅವಳು ಬೇಡ ಎನ್ನುವುದಿಲ್ಲ. ಇದನ್ನು ಓದಿ ಹೇಳಿದಾಗ ಅತ್ತೆ ನಕ್ಕಳು; ಮಾವ ಎದ್ದು ಹೊರಗೆ ಹೋದ.

ನಾಳೆ ಅವನು ಹೊಸ ಹಂಡೆ ಕಾಯಿಸುತ್ತಾನೆ. ನಾನು ಬೆಳಿಗ್ಗೆಯೇ ಹೋಗಿ ಬಾರ್ಲಿ ಒಡೆದು ಕೊಡುತ್ತೇನೆ.